ಅಂಚೆಯಲ್ಲಿ ಕಳಿಸಿದರೆ ಸುಂಕ ಬೀಳೋದಿಲ್ಲವಂತೆ, ಹೌದಾ?

ಪ್ರಶ್ನೆ: ಮನೆಯಲ್ಲೇ ಮಾಡಿದ ಸಣ್ಣಪುಟ್ಟ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಈಗ ವಿದೇಶದಿಂದಲೂ ಆರ್ಡರ್ ಬರುತ್ತಿದೆ. ಅಂಚೆಯಲ್ಲಿ ಕಳಿಸಲೋ, ಕೊರಿಯರ್‌ನಲ್ಲೋ? ಅಂಚೆಯಾದರೆ ಕಸ್ಟಮ್ಸ್ ಕಾಟ ಇರುವುದಿಲ್ಲ ಎನ್ನುತ್ತಾರೆ.

ಉತ್ತರ: ಮೊದಲರ್ಧಕ್ಕೆ ಉತ್ತರ ಸುಲಭ. ಹಗುರವಾಗಿದ್ದು, ಬೆಲೆ ಕಡಿಮೆಯಿದ್ದು, ಗಿರಾಕಿ ಕಾಯಲು ಸಿದ್ಧರಿದ್ದರೆ ಅಂಚೆ. ಬೆಲೆ ಹೆಚ್ಚಿದ್ದರೆ, ದಿನ ಹೇಳಿ ತಲುಪಿಸಬೇಕಿದ್ದರೆ, ಕಳೆದುಹೋದರೆ ನಿಮ್ಮ ಕೈಲಿ ತಡೆದುಕೊಳ್ಳಲು ಆಗದಿದ್ದರೆ ಎಕ್ಸ್‌ಪ್ರೆಸ್ ಕೊರಿಯರ್. 2 ಕಿಲೋ ಒಳಗಿನ ಸಣ್ಣ ಪ್ಯಾಕೆಟ್‌ಗೆ ಸಾಮಾನ್ಯವಾಗಿ ಅಂಚೆಯೇ ಅಗ್ಗ. ಅದಕ್ಕಿಂತ ಮೇಲೆ ಹೋದರೆ ಎರಡೂ ಕಡೆ ದರ ಕೇಳಿ ನೋಡಿ.

ದರ ಕೇಳುವಾಗ ತೂಕ ಮಾತ್ರ ಹೇಳಬೇಡಿ, ಪೆಟ್ಟಿಗೆಯ ಅಳತೆಯನ್ನೂ ಹೇಳಿ. ಎಕ್ಸ್‌ಪ್ರೆಸ್ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಬಿಲ್ ಅದಕ್ಕೇ. 40, 30, 30ರ ಪೆಟ್ಟಿಗೆಯಲ್ಲಿ 2 ಕಿಲೋ ಸರಕಿಟ್ಟರೆ ನೀವು ಕೊಡುವುದು 7.2 ಕಿಲೋ ಲೆಕ್ಕದಲ್ಲಿ ದುಡ್ಡು. ದೊಡ್ಡ ಡಬ್ಬದ ತುಂಬ ಥರ್ಮೋಕೋಲ್ ತುರುಕಿ "ಕೊರಿಯರ್‌ನವರು ಸುಲಿಯುತ್ತಾರೆ" ಎನ್ನುವವರು ಮೊದಲು ಟೇಪು ಹಿಡಿದು ಅಳೆಯಲಿ.

ಇನ್ನು ಎರಡನೇ ಅರ್ಧ. ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ ಇದು.

ಸುಂಕ ಬೀಳುವುದು ಸರಕಿನ ಮೇಲೆ. ಅದು ಯಾವ ಚೀಲದಲ್ಲಿ ಬಂತು ಎಂಬುದರ ಮೇಲಲ್ಲ. ಅಂಚೆ ಚೀಲವೂ ಕಸ್ಟಮ್ಸ್ ದಾಟಿಯೇ ಹೋಗಬೇಕು. ಬೇರೆಯಾಗುವುದು ಕೆಲಸ ಮಾಡುವವರು, ಹಣ ವಸೂಲಿ ಮಾಡುವವರು, ಇಷ್ಟೇ. ಕೊರಿಯರ್ ಕಂಪನಿ ತಾನೇ ಕಾಗದಪತ್ರ ಸಲ್ಲಿಸಿ, ಎಷ್ಟೋ ಸಲ ಸುಂಕವನ್ನು ತಾನೇ ಮುಂಗಡ ಕಟ್ಟಿ, ಆ ಸೇವೆಗೆ ಶುಲ್ಕ ಸೇರಿಸಿ ಗಿರಾಕಿಗೆ ಬಿಲ್ ಕಳಿಸುತ್ತದೆ. ಅಂಚೆಯಲ್ಲಿ ಬಂದದ್ದಕ್ಕೆ ಅಲ್ಲಿನ ಅಂಚೆ ಇಲಾಖೆ ವಸೂಲಿ ಮಾಡುತ್ತದೆ. ಅದಕ್ಕೂ ಹಲವು ದೇಶಗಳಲ್ಲಿ ನಿರ್ವಹಣಾ ಶುಲ್ಕವಿದೆ.

"ನಮ್ಮವರೊಬ್ಬರು ವರ್ಷಗಟ್ಟಲೆ ಅಂಚೆಯಲ್ಲೇ ಕಳಿಸಿದ್ದಾರೆ, ಒಂದು ಸಲವೂ ಬಿದ್ದಿಲ್ಲ" ಎನ್ನುತ್ತೀರಿ. ಇರಬಹುದು. ಅವರ ಪ್ಯಾಕೆಟ್ ಆ ದೇಶದ ವಿನಾಯಿತಿ ಮಿತಿಯೊಳಗಿತ್ತು, ಅಥವಾ ಹೊರಗೆ ಅಂಟಿಸಿದ ಸಿಎನ್ 22 ಚೀಟಿಯನ್ನು (ಒಳಗೇನಿದೆ, ಬೆಲೆಯೆಷ್ಟು ಎಂದು ಕಸ್ಟಮ್ಸ್‌ಗೆ ತಿಳಿಸುವ ಅಂಚೆ ಚೀಟಿ) ಯಾರೂ ಓದಲಿಲ್ಲ. ಈಗ ಎರಡೂ ಬದಲಾಗಿವೆ. ಐರೋಪ್ಯ ಒಕ್ಕೂಟ 22 ಯೂರೋ ಒಳಗಿನ ಸರಕಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆದುಹಾಕಿತು. ಚೀಟಿಯ ವಿವರ ವಿಮಾನ ಹತ್ತುವ ಮೊದಲೇ ಎಲೆಕ್ಟ್ರಾನಿಕ್ ರೂಪದಲ್ಲಿ ಹೋಗಬೇಕೆಂದು ಅಮೆರಿಕ, ಐರೋಪ್ಯ ಒಕ್ಕೂಟ ಎರಡೂ ಕೇಳುತ್ತಿವೆ.

ಇಷ್ಟು ಸಾಲದಿದ್ದರೆ 2025ರ ಆಗಸ್ಟ್ ನೆನಪಿಸಿಕೊಳ್ಳಿ. 800 ಡಾಲರ್ ಒಳಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆ ತಿಂಗಳ 29ರಿಂದ ನಿಲ್ಲಿಸಿತು. ಅಂಚೆಗೆ ಸುಂಕವೇ ಇಲ್ಲವೆಂದಾಗಿದ್ದರೆ ಅಂಚೆಯವರಿಗೆ ಅದರಿಂದ ಏನಾಗಬೇಕಿತ್ತು? ಆದದ್ದೇನೆಂದರೆ, ಸುಂಕ ವಸೂಲಿಗೆ ವ್ಯವಸ್ಥೆಯಿಲ್ಲದೆ ಹತ್ತಾರು ದೇಶಗಳ ಅಂಚೆ ಇಲಾಖೆಗಳು ಅಮೆರಿಕಕ್ಕೆ ಹೋಗುವ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಸುಂಕ ಕಟ್ಟಿ ಬಿಡಿಸುವ ಏರ್ಪಾಡು ಮೊದಲೇ ಇದ್ದ ಎಕ್ಸ್‌ಪ್ರೆಸ್ ಕಂಪನಿಗಳು ಕೆಲಸ ಮುಂದುವರಿಸಿದವು.

ಈ ನಂಬಿಕೆಗೆ ಒಬ್ಬ ತಮ್ಮನೂ ಇದ್ದಾನೆ: "ಗಿಫ್ಟ್ ಅಂತ ಬರೆದುಬಿಡಿ." ದುಡ್ಡು ತೆಗೆದುಕೊಂಡು ಕಳಿಸುವುದು ಉಡುಗೊರೆ ಹೇಗಾಗುತ್ತದೆ ಸ್ವಾಮಿ? ಐರೋಪ್ಯ ಒಕ್ಕೂಟದಲ್ಲಿ 45 ಯೂರೋವರೆಗಿನ ಉಡುಗೊರೆಗೆ ವಿನಾಯಿತಿ ಇರುವುದು ಖಾಸಗಿ ವ್ಯಕ್ತಿಯೊಬ್ಬರು ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಹಣ ಪಡೆಯದೆ ಕಳಿಸಿದಾಗ. ಒಳಗೆ ನಿಮ್ಮ ಬ್ರ್ಯಾಂಡಿನ ಲೇಬಲ್, ಬಿಲ್, "ಖರೀದಿಸಿದ್ದಕ್ಕೆ ಧನ್ಯವಾದ" ಎಂಬ ಕಾರ್ಡು, ಹೊರಗೆ ಗಿಫ್ಟ್! ತೆರೆದು ನೋಡಿದವರು ನಗುತ್ತಾರೆ, ಆಮೇಲೆ ದಂಡ ಹಾಕುತ್ತಾರೆ. ಬೆಲೆ ತಗ್ಗಿಸಿ ಬರೆಯುವುದೂ ಇದೇ ಜಾತಿ. 100 ಡಾಲರಿನದ್ದಕ್ಕೆ 10 ಎಂದು ಬರೆದಿದ್ದೀರಿ, ಪಾರ್ಸೆಲ್ ಕಳೆದುಹೋಯಿತು ಎಂದುಕೊಳ್ಳಿ. 100ರ ಪರಿಹಾರ ಯಾವ ಬಾಯಲ್ಲಿ ಕೇಳುತ್ತೀರಿ?

ಹಾಗಾಗಿ ಸುಂಕ ತಪ್ಪಿಸುವುದು ಹೇಗೆಂದು ಕೇಳುವುದು ಬಿಟ್ಟು, ಸುಂಕ ಯಾರು ಕಟ್ಟುವುದು ಎಂದು ಕೇಳಿ. ವಿಧಾನ ಆಯುವಾಗ ನಿಜಕ್ಕೂ ತೂಗಿ ನೋಡಬೇಕಾದ್ದು ಇದನ್ನೇ. ಡಿಡಿಪಿ ಎಂದರೆ ನೀವೇ ಕಟ್ಟುತ್ತೀರಿ, ಗಿರಾಕಿ ಬಾಗಿಲಲ್ಲಿ ಚಿಕ್ಕಾಸೂ ಕೊಡಬೇಕಾಗಿಲ್ಲ. ಡಿಎಪಿ ಎಂದರೆ ಅವರು ಕಟ್ಟಬೇಕು. (ಗಿರಾಕಿಯೇ ಸುಂಕ ಕಟ್ಟುವುದಕ್ಕೆ ಮೊದಲು ಇದ್ದ ಡಿಡಿಯು ಎಂಬ ಪದ 2010ರ ಇನ್‌ಕೋಟರ್ಮ್ಸ್‌ನಲ್ಲೇ, ಅಂದರೆ ಅಂತರರಾಷ್ಟ್ರೀಯ ವ್ಯಾಪಾರದ ಷರತ್ತುಗಳ ಪಟ್ಟಿಯಲ್ಲೇ, ಹೋಯಿತು. ಆದರೂ ಕೌಂಟರಿನಲ್ಲಿ ಇನ್ನೂ ಕೇಳಿಸುತ್ತದೆ.) ಡಿಎಪಿಯಲ್ಲಿ ಕಳಿಸುವುದಾದರೆ ಆರ್ಡರ್ ತೆಗೆದುಕೊಳ್ಳುವಾಗಲೇ ಗಿರಾಕಿಗೆ ತಿಳಿಸಿ. ತಿಳಿಸದೆ ಕಳಿಸಿದ ಪಾರ್ಸೆಲ್‌ಗಳೇ ಬಾಗಿಲಿನಿಂದ ವಾಪಸ್ ಹೊರಡುವುದು. ಚೀಟಿಯಲ್ಲಿ ಬರೀ "ಬಟ್ಟೆ" ಎನ್ನದೆ "ಹತ್ತಿಯ ಟೀಶರ್ಟ್, 2" ಎಂದು ಬರೆದು, ಸರಕಿನ ಬಗೆ ಯಾವುದೆಂದು ಕಸ್ಟಮ್ಸ್‌ಗೆ ಹೇಳುವ ಎಚ್‌ಎಸ್ ಕೋಡ್ 6109.10 ಹಾಕಿ. ಈ ಕೋಡಿನ ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ.

ವಾಪಸ್ ಎಂದೆನಲ್ಲ, ನೀವು ಕೇಳದಿದ್ದರೂ ಅದನ್ನೂ ಹೇಳಿಬಿಡುತ್ತೇನೆ, ಯಾರೂ ಮೊದಲೇ ಯೋಚಿಸುವುದಿಲ್ಲ. ಅಂಚೆ ಪಾರ್ಸೆಲ್‌ನ ಫಾರ್ಮಿನಲ್ಲಿ ತಲುಪಿಸಲಾಗದಿದ್ದರೆ ಏನು ಮಾಡಬೇಕು ಎಂಬ ಕಲಮು ಇರುತ್ತದೆ: ಹಿಂದಕ್ಕೆ ಕಳಿಸಿ, ಅಥವಾ ಬಿಟ್ಟುಕೊಟ್ಟಿದ್ದೇವೆ ಎಂದು ತಿಳಿಯಿರಿ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಹಿಂದಿರುಗುವ ಖರ್ಚು ನಿಮ್ಮ ತಲೆಗೇ ಬರಬಹುದು. ಕೊರಿಯರ್‌ನಲ್ಲಂತೂ ಹೋದಷ್ಟೇ ಬಾಡಿಗೆ ಬರುವಾಗಲೂ ಬೀಳಬಹುದು. ಸರಕಿನ ಬೆಲೆ ಆ ಖರ್ಚಿಗಿಂತ ಕಡಿಮೆಯಿದ್ದರೆ ಬಿಟ್ಟುಕೊಡುವುದೇ ಲಾಭ. ತರಿಸಿಕೊಳ್ಳುವುದಾದರೆ, ಕಳಿಸಿದಾಗಿನ ಬಿಲ್, ಕಸ್ಟಮ್ಸ್ ಫಾರ್ಮಿನ ನಕಲು, ಟ್ರ್ಯಾಕಿಂಗ್ ಸಂಖ್ಯೆ ಎಲ್ಲವನ್ನೂ ತೆಗೆದಿಟ್ಟುಕೊಂಡಿರಿ. ಇಲ್ಲಿಂದ ಹೋದದ್ದೇ ಮರಳಿ ಬಂದಿದೆ ಎಂದು ತೋರಿಸಲಾಗದಿದ್ದರೆ ನಿಮ್ಮದೇ ಸರಕಿಗೆ ನಿಮ್ಮದೇ ದೇಶದ ಕಸ್ಟಮ್ಸ್ ಆಮದು ಸುಂಕ ಕೇಳಬಹುದು.