ಕೌಂಟ್ ನಾರ್ಮಲ್ ಆಗಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್. ಮೂರು ವರ್ಷದಿಂದ ದಿನಾ ಇಮ್ಯಾಟಿನಿಬ್ ನುಂಗುತ್ತಿದ್ದಾನೆ. ಈಗ ಬಿಳಿರಕ್ತಕಣಗಳ ಕೌಂಟ್ ಪೂರ್ತಿ ನಾರ್ಮಲ್. ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಕೌಂಟ್ ನೋಡಿ ನಿಲ್ಲಿಸಬೇಡಿ. ಮಾತ್ರೆ ಬಿಟ್ಟೂ ಚೆನ್ನಾಗಿರುವವರು ಇದ್ದಾರೆ, ನಿಜ. ಆದರೆ ಅವರು ಬಿಟ್ಟಿದ್ದು ಬೇರೆಯದೇ ಪರೀಕ್ಷೆಯನ್ನು ನಂಬಿ.

ಜೀವಕೋಶ ಯಾವಾಗ ಒಡೆದು ಎರಡಾಗಬೇಕು ಎಂಬ ಸೂಚನೆಯನ್ನು ಅದರೊಳಗೆ ದಾಟಿಸುವವರಲ್ಲಿ ಕೈನೇಸ್ ಎಂಬ ಕಿಣ್ವಗಳೂ ಇವೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಮುಂದಿನ ಪ್ರೋಟೀನಿಗೆ ಅಂಟಿಸುವುದು ಅವುಗಳ ಕೆಲಸ. ಸಿಎಂಎಲ್‌ನಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಬೆಸುಗೆಯ ಕೈನೇಸ್ ಹುಟ್ಟುತ್ತದೆ. ನೀರುಗಂಟಿ ವಾಲ್ವ್ ತೆರೆದಿಟ್ಟು ಊರು ಬಿಟ್ಟ ಹಾಗೆ, ಅದರ ಸೂಚನೆ ನಿಲ್ಲುವುದೇ ಇಲ್ಲ. ಈ ಅದಲುಬದಲನ್ನು 1973ರಲ್ಲಿ ಗುರುತಿಸಿದವರು ಅಮೆರಿಕದ ವಿಜ್ಞಾನಿ ಜಾನೆಟ್ ರೌಲಿ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್, ಎಟಿಪಿ ಕೂರಬೇಕಾದ ಗುಳಿಯಲ್ಲಿ ತಾನೇ ಕೂತುಬಿಡುತ್ತದೆ. ಸೂಚನೆ ಅಲ್ಲಿಗೆ ಕಡಿದುಹೋಗುತ್ತದೆ.

ತೊಡಕಿರುವುದು ಮೂಳೆಮಜ್ಜೆಯಲ್ಲಿ. ಅಲ್ಲಿ ಸುಮ್ಮನೆ ಮಲಗಿರುವ ಕೆಲವು ಕ್ಯಾನ್ಸರ್ ಕಾಂಡಕೋಶಗಳು ಈ ಸೂಚನೆ ಇಲ್ಲದೆಯೂ ಬದುಕುತ್ತವೆ. ಮಾತ್ರೆ ಅವನ್ನು ಕೊಲ್ಲುವುದಿಲ್ಲ, ಅವುಗಳ ಸಂತತಿ ಹೆಚ್ಚಿ ಹರಡದಂತೆ ತಡೆಯುತ್ತದೆ ಅಷ್ಟೆ. ಇಷ್ಟು ಕಡಿಮೆ ಸಂಖ್ಯೆ ಕೌಂಟ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಸೂಕ್ಷ್ಮವಾಗಿ ಅಳೆಯುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ಕನಿಷ್ಠ ಮೂರು ವರ್ಷ, ಇನ್ನೂ ಒಳ್ಳೆಯದೆಂದರೆ ಐದು ವರ್ಷ ಔಷಧ ತೆಗೆದುಕೊಂಡು, ಪಿಸಿಆರ್ ಅಂಕಿ ಎರಡು-ಮೂರು ವರ್ಷ ಸತತವಾಗಿ ಶೇ 0.01ರಷ್ಟು ಅಥವಾ ಅದಕ್ಕಿಂತ ಕೆಳಗೇ ಉಳಿದಿದ್ದರೆ ವೈದ್ಯರು ನಿಲ್ಲಿಸುವ ಮಾತೆತ್ತಬಹುದು. ಯುರೋಪಿನಲ್ಲಿ 700ಕ್ಕೂ ಹೆಚ್ಚು ರೋಗಿಗಳು ಮಾತ್ರೆ ನಿಲ್ಲಿಸಿದ ಯೂರೋ-ಸ್ಕಿ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು: ಎರಡು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಮಾತ್ರೆ ಇಲ್ಲದೆಯೇ ಇದ್ದರು. ಮರುಕಳಿಸಿದವರಲ್ಲಿ ಹೆಚ್ಚಿನವರಿಗೆ ಅದು ಮೊದಲ ಆರು ತಿಂಗಳಲ್ಲೇ ಆಯಿತು. ಆದ್ದರಿಂದಲೇ ಆ ಆರು ತಿಂಗಳು ಪ್ರತಿ ತಿಂಗಳೂ ಪಿಸಿಆರ್ ಬೇಕು. ಶೇ 0.1 ದಾಟಿದರೆ ಮಾತ್ರೆ ಮತ್ತೆ ಶುರು. ಬಹುತೇಕ ಎಲ್ಲರಲ್ಲೂ ಕಾಯಿಲೆ ಹತೋಟಿಗೆ ಮರಳುತ್ತದೆ. ಔಷಧ ಬಿಟ್ಟ ಮೇಲೆ ಕೆಲವರಿಗೆ ಕೆಲವು ತಿಂಗಳು ಮೈಕೈ, ಕೀಲು ನೋಯುತ್ತವೆ. ಅದು ಕ್ಯಾನ್ಸರ್ ಮರಳಿದ ಲಕ್ಷಣವಲ್ಲ.

ನನಗೆ ಹೆಚ್ಚು ಆತಂಕ ತರುವುದು ಹೇಳದೆ ಕೇಳದೆ ನಡುನಡುವೆ ಮಾತ್ರೆ ತಪ್ಪಿಸುವವರು. 2010ರಲ್ಲಿ ಪ್ರಕಟವಾದ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಧ್ಯಯನದಲ್ಲಿ, ಶೇ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ ಆರು ವರ್ಷದಲ್ಲಿ ಪಿಸಿಆರ್ ಶೇ 0.1ರ ಹಂತಕ್ಕೆ ಇಳಿಯುವ ಸಾಧ್ಯತೆ ಶೇ 94ರಷ್ಟಿತ್ತು. ಉಳಿದವರಲ್ಲಿ ಅದು ಬರೀ ಶೇ 28. ಶೇ 90 ಎಂದರೆ ತಿಂಗಳಿಗೆ ಮೂರು ಮಾತ್ರೆ ತಪ್ಪಿದ ಲೆಕ್ಕ, ಅಷ್ಟೇ! ಖರ್ಚು ಕಾರಣವಾದರೆ ದಯವಿಟ್ಟು ವೈದ್ಯರಿಗೆ ಬಾಯಿಬಿಟ್ಟು ಹೇಳಿ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ನಿರಾಕರಿಸಿದ್ದರಿಂದ ನಮ್ಮಲ್ಲಿ ಜೆನೆರಿಕ್ ಇಮ್ಯಾಟಿನಿಬ್ ಸಿಗುತ್ತಲೇ ಇದೆ. ಹೊಟ್ಟೆ ತೊಳಸುವುದು ಕಾರಣವಾದರೆ ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಲಿ.

ಮುಂದಿನ ಸಲ ಹೋಗುವಾಗ ಹಳೆಯ ಪಿಸಿಆರ್ ವರದಿಗಳನ್ನೆಲ್ಲ ಒಟ್ಟಿಗೆ ಒಯ್ಯಿರಿ. ‘ಐಎಸ್’ (ಅಂತರರಾಷ್ಟ್ರೀಯ ಮಾಪಕ) ಎಂದು ಬರೆದಿರುವಲ್ಲಿನ ಅಂಕಿ ಶೇ 0.01ಕ್ಕೆ ಇಳಿದಿದೆಯೇ, ಇಳಿದು ಎಷ್ಟು ಕಾಲವಾಯಿತು ಎಂದು ಕೇಳಿ. ಅಲ್ಲಿಯವರೆಗೆ ಇವತ್ತಿನ ಮಾತ್ರೆ ಇವತ್ತೇ ನುಂಗಲಿ.