ದೃಷ್ಟಿಯಿಲ್ಲದ ಹುಡುಗನ ಮೊದಲ ಪ್ರೀತಿಗೆ ಬೇಕಾದ ಏಕಾಂತ

ದೃಷ್ಟಿದೋಷವಿರುವ ಮಕ್ಕಳ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ತಂದೆತಾಯಿಯರು ತರುವ ಪ್ರಶ್ನೆಗಳು ಬಹುಪಾಲು ಓದು, ಉದ್ಯೋಗ, ಮಾಸಾಶನ ಮತ್ತು ‘ನಾವು ಹೋದ ಮೇಲೆ ಇವನಿಗೆ ಯಾರು’ ಎಂಬ ಚಿಂತೆಗೆ ಸೇರಿದವು. ಹದಿನಾರು ತುಂಬಿದ ಮಗನ ಮನಸ್ಸಿನಲ್ಲಿ ಯಾರಾದರೂ ಇರಬಹುದು ಎಂಬುದು ಅವರ ಲೆಕ್ಕದಲ್ಲಿಯೇ ಇರುವುದಿಲ್ಲ. ಆ ‘ಯಾರೋ’ ಇನ್ನೊಬ್ಬ ಹುಡುಗನೆಂದು ತಿಳಿದ ದಿನ ಮನೆಯವರ ಕಿವಿಗೆ ಎರಡು ಸುದ್ದಿಗಳು ಒಟ್ಟಿಗೆ ಬೀಳುತ್ತವೆ: ಮಗ ದೊಡ್ಡವನಾಗಿದ್ದಾನೆ ಎಂಬುದು ಒಂದು, ಅವನ ಒಲವು ಹುಡುಗರ ಕಡೆಗಿದೆ ಎಂಬುದು ಇನ್ನೊಂದು. ನಾನು ಕಂಡ ಮಟ್ಟಿಗೆ, ಅರಗಿಸಿಕೊಳ್ಳಲು ಹೆಚ್ಚು ಕಷ್ಟವಾಗುವುದು ಮೊದಲನೆಯದೇ.

ಇಲ್ಲಿ ಒಬ್ಬ ಹುಡುಗನ ವಿಷಯ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದೆಂದು ಹಲವು ಮಕ್ಕಳ ವಿವರಗಳನ್ನು ಕೂಡಿಸಿ, ಕೆಲವನ್ನು ಬದಲಿಸಿದ್ದೇನೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಇವನು ಎಸ್ಸೆಸ್ಸೆಲ್ಸಿವರೆಗೆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಓದಿ, ಪಿಯುಸಿಗೆಂದು ಊರಿನ ಸಾಮಾನ್ಯ ಕಾಲೇಜಿಗೆ ಸೇರಿದ. ಬ್ರೈಲ್ ಪುಸ್ತಕಗಳು ಸಿಗದಿದ್ದುದರಿಂದ ಸಹಪಾಠಿಯೊಬ್ಬ ಸಂಜೆ ಮನೆಗೆ ಬಂದು ಇತಿಹಾಸ, ರಾಜ್ಯಶಾಸ್ತ್ರದ ಪಾಠಗಳನ್ನು ಓದಿ ಹೇಳುತ್ತಿದ್ದ. ಆ ಗೆಳೆಯನ ವಿಷಯದಲ್ಲಿ ಹುಡುಗ ನನಗೆ ಮೊದಲು ಹೇಳಿದ ಮಾತು ಇದು: “ಎಲ್ಲರೂ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ ಮೇಡಂ. ಅವನು ಸುಮ್ಮನೆ ನಿಲ್ಲುತ್ತಾನೆ, ನಾನೇ ಅವನ ತೋಳು ಹಿಡಿದುಕೊಳ್ಳುತ್ತೇನೆ.”

ದೃಷ್ಟಿಯಿಲ್ಲದವರಿಗೆ ದಾರಿ ತೋರಿಸುವ ಸರಿಯಾದ ಕ್ರಮವೂ ಅದೇ. ಅವರು ಜೊತೆಗಾರನ ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ, ಅವನ ಮೈಯ ಚಲನೆಯಿಂದಲೇ ಮೆಟ್ಟಿಲು, ತಿರುವುಗಳು ತಿಳಿಯುತ್ತವೆ. ಹಿಡಿಯುವುದು, ಬಿಡುವುದು ಅವರ ಇಷ್ಟಕ್ಕೆ ಸೇರಿದ್ದು. ಕೇಳದೆಯೇ ಮೈಮುಟ್ಟುವ ಕೈಗಳ ನಡುವೆ ಬೆಳೆದ ಹುಡುಗನಿಗೆ ಈ ಆಯ್ಕೆಯ ಬೆಲೆ ಎಷ್ಟೆಂಬುದನ್ನು ಕಣ್ಣಿರುವ ನಾವು ಸುಲಭವಾಗಿ ಊಹಿಸಲಾರೆವು. ಅವನ ಪ್ರೀತಿ ಅಲ್ಲಿಂದ ಬೆಳೆದಿತ್ತು.

ಮನೆಯವರಿಗೆ ವಿಷಯ ತಿಳಿದದ್ದು ಹುಡುಗ ಬಾಯಿಬಿಟ್ಟು ಹೇಳಿದ್ದರಿಂದಲ್ಲ. ಇಯರ್‌ಫೋನ್ ಕಳಚಿಕೊಂಡಿತ್ತು, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಟಾಕ್‌ಬ್ಯಾಕ್ ತಂತ್ರಾಂಶವು ಗೆಳೆಯನ ಸಂದೇಶವನ್ನು ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಬಿಟ್ಟಿತು. ಅಪ್ಪ ಫೋನ್ ಕಿತ್ತುಕೊಂಡರು, ಗೆಳೆಯನಿಗೆ ಇನ್ನು ಮನೆಗೆ ಬರಬೇಡವೆಂದರು. ಕಣ್ಣಿರುವ ಹುಡುಗನಿಗಾದರೆ ಇದು ಗೆಳೆಯನಿಂದ ಅಗಲಿಕೆ. ಇವನಿಗೆ ಅದರ ಜೊತೆಯಲ್ಲಿಯೇ ಪಾಠ ಓದುವವನಿಲ್ಲವಾದ, ದಾರಿಯ ಜೊತೆಗಾರನಿಲ್ಲವಾದ, ಪತ್ರಿಕೆ ಪುಸ್ತಕಗಳನ್ನೆಲ್ಲ ಒದಗಿಸುತ್ತಿದ್ದ ಫೋನೂ ಹೋಯಿತು. ಪರೀಕ್ಷೆ ಹತ್ತಿರವಿತ್ತು. ಅವನು ಊಟ ಬಿಟ್ಟಾಗ ಮನೆಯವರು ನನ್ನ ಬಳಿ ಕರೆತಂದರು.

ತಂದೆಯ ವಾದ ನನಗೆ ಹೊಸದಾಗಿರಲಿಲ್ಲ. ಅವನು ಹುಡುಗಿಯರನ್ನು ಕಂಡೇ ಇಲ್ಲ, ಹುಡುಗರ ಹಾಸ್ಟೆಲಿನಲ್ಲಿಯೇ ಬೆಳೆದ, ಅದಕ್ಕೇ ಹೀಗಾಗಿದೆ ಎಂದರು. ಆಕರ್ಷಣೆ ಕಣ್ಣಿನ ಮೂಲಕವೇ ಬರುತ್ತದೆಂಬ ನಂಬಿಕೆ ಈ ಮಾತಿನ ಅಡಿಯಲ್ಲಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದವರಲ್ಲಿ ಅನೇಕರು ಹೆಣ್ಣನ್ನೋ ಗಂಡನ್ನೋ ಮೆಚ್ಚಿ ಮದುವೆಯಾಗಿ ಸಂಸಾರ ನಡೆಸುತ್ತಿದ್ದಾರೆ. ಅವರ ಒಲವು ಧ್ವನಿ, ಮಾತಿನ ರೀತಿ, ಮೈಗಂಧ, ಜೊತೆಯಲ್ಲಿರುವಾಗಿನ ನೆಮ್ಮದಿ, ಇವುಗಳಿಂದ ಹುಟ್ಟಿದ್ದು. ಹುಡುಗಿಯರ ಧ್ವನಿ ನನ್ನ ಈ ಹುಡುಗನಿಗೂ ದಿನವೂ ಕೇಳಿಸುತ್ತಿತ್ತು. ಅದೇ ಹಾಸ್ಟೆಲಿನಲ್ಲಿ ಬೆಳೆದ ಉಳಿದ ಹುಡುಗರಲ್ಲಿ ಹೆಚ್ಚಿನವರ ಮನಸ್ಸು ಹುಡುಗಿಯರ ಕಡೆಗಿದೆ ಎಂಬುದನ್ನೂ ತಂದೆಗೆ ನೆನಪಿಸಿದೆ. ಸಲಿಂಗ ಪ್ರೇಮ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಗಳನ್ನು ಮದ್ರಾಸ್ ಹೈಕೋರ್ಟ್ 2021ರ ತನ್ನ ಆದೇಶದಲ್ಲಿ ಖಂಡಿಸಿ ನಿಷೇಧಕ್ಕೆ ಸೂಚಿಸಿತು. ಅದನ್ನು ಅನುಸರಿಸಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಅವನ್ನು ವೃತ್ತಿ ದುರ್ನಡತೆಯೆಂದು ಘೋಷಿಸಿತು. ಯಾರಾದರೂ ಅಂಥ ಚಿಕಿತ್ಸೆಗೆ ಹಣ ಕೇಳಿದರೆ ತಂದೆತಾಯಿಯರು ಅಲ್ಲಿಂದ ಎದ್ದುಬರಬೇಕು.

ತಾಯಿ ಕೇಳಿದ ಪ್ರಶ್ನೆ ಇದಕ್ಕಿಂತ ತೂಕದ್ದು. ಇದು ಪ್ರೀತಿಯೋ, ಇಲ್ಲ ಸಹಾಯ ಮಾಡುವವನ ಮೇಲಿನ ಋಣಭಾವವೋ? ಈ ಸಂದೇಹವನ್ನು ನಾನು ತಳ್ಳಿಹಾಕುವುದಿಲ್ಲ. ಓದಿಗೂ ಓಡಾಟಕ್ಕೂ ಒಬ್ಬನನ್ನೇ ನೆಚ್ಚಿಕೊಂಡಿರುವಾಗ ಅವನನ್ನು ಕಳೆದುಕೊಳ್ಳುವ ಭಯವೂ ಪ್ರೀತಿಯೂ ಒಂದರೊಳಗೊಂದು ಬೆರೆತಿರುತ್ತವೆ, ಎಷ್ಟು ಮಾತನಾಡಿದರೂ ಅವನ್ನು ಬೇರ್ಪಡಿಸಲಾಗದು. ಅವಲಂಬನೆಯನ್ನು ಕಡಿಮೆ ಮಾಡಿ ನೋಡುವುದು ನನಗೆ ತಿಳಿದಿರುವ ಒಳ್ಳೆಯ ದಾರಿ. ಹುಡುಗ ಬಿಳಿ ಕೋಲು ಹಿಡಿದು ಬಸ್ ನಿಲ್ದಾಣದವರೆಗೆ ಒಬ್ಬನೇ ಹೋಗುವ ತರಬೇತಿ ಪಡೆದ. ಫೋನ್ ಮರಳಿ ಕೈಗೆ ಬಂತು. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಂಥ ಆನ್‌ಲೈನ್ ಗ್ರಂಥಾಲಯಗಳಿಂದ ಪುಸ್ತಕಗಳನ್ನು ತಾನೇ ಹುಡುಕಿ ಓದುವುದನ್ನು ಕಲಿತ. ಪಾಠ ಓದಲು ಬೇರೊಬ್ಬ ವಿದ್ಯಾರ್ಥಿ ಒಪ್ಪಿಕೊಂಡ. ಗೆಳೆಯನಿಲ್ಲದೆಯೂ ದಿನ ಸಾಗುವಂತಾಯಿತು. ಆಮೇಲೂ ಅವನು ಬರಲೆಂದು ಹುಡುಗನ ಮನಸ್ಸು ಬಯಸುತ್ತಿತ್ತು. ಪಾಠ ಓದಿಸಿಕೊಳ್ಳಲು ಅಲ್ಲ. ತಾಯಿಗೆ ಉತ್ತರ ಸಿಕ್ಕಿತು, ಅದಕ್ಕಿಂತ ಮುಖ್ಯವಾಗಿ ಹುಡುಗನಿಗೇ ಸಿಕ್ಕಿತು.

ಏಕಾಂತದ ವಿಷಯವನ್ನು ನಾನು ತುಸು ಒತ್ತಿಯೇ ಹೇಳಬೇಕಾಗಿದೆ. ಯಾವ ಹದಿಹರೆಯದವನೂ ತನ್ನ ಒಲವನ್ನು ಮೊದಲು ತಾನೊಬ್ಬನೇ ಅರಿತುಕೊಂಡು, ಬಹುಕಾಲ ಅದನ್ನು ಮನಸ್ಸಿನಲ್ಲಿಯೇ ತಿರುವಿಹಾಕಿ, ಆಮೇಲೆ ಯಾರಿಗೆ ಹೇಳಬೇಕೆಂದು ನಿರ್ಧರಿಸುತ್ತಾನೆ. ಸಲಿಂಗಿಯಾದ ಹುಡುಗನಿಗೆ ಈ ಅವಧಿ ಇನ್ನೂ ಹೆಚ್ಚು ಬೇಕು. ದೃಷ್ಟಿಯಿಲ್ಲದ ಮಗುವಿಗೆ ನಮ್ಮ ಮನೆಗಳಲ್ಲಿ ಅದು ಸಿಗುವುದೇ ಇಲ್ಲ. ಅವನು ಎಲ್ಲಿಗೆ ಹೋದರೂ ಜೊತೆಗೊಬ್ಬರು, ಫೋನ್ ಬಂದರೆ ಎತ್ತಿಕೊಡಲೊಬ್ಬರು. ಅವನ ಕೋಣೆಗೆ ಸದ್ದಿಲ್ಲದೆ ಬಂದು ನಿಲ್ಲುವವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಎನಿಸುವುದೂ ಇಲ್ಲ. ಹಾಗಾಗಿ ಮನೆಯವರಿಗೆ ಸಣ್ಣದಾಗಿ ಕಾಣುವ ಕೆಲವು ವಿಷಯಗಳನ್ನು ನಾನು ಪಟ್ಟುಹಿಡಿದು ಕೇಳುತ್ತೇನೆ. ಕೋಣೆಗೆ ಬರುವ ಮುನ್ನ ಬಾಗಿಲು ತಟ್ಟಿ, ನಿಮ್ಮ ಹೆಸರು ಹೇಳಿ. ಹೊರಡುವಾಗ ಹೊರಟೆನೆಂದು ಹೇಳಿ. ಹಿಂದೆ ನಿಂತು ಫೋನ್ ನೋಡುವವರಿದ್ದಾರೆಯೇ ಎಂಬುದು ಅವನಿಗೆ ತಿಳಿಯದು, ಆದ್ದರಿಂದ ಓದುವ ಧ್ವನಿ ಮಾತ್ರ ಉಳಿದು ಪರದೆ ಕಪ್ಪಾಗುವ ಸೌಲಭ್ಯವನ್ನು ಅವನಿಗೆ ತೋರಿಸಿಕೊಡಿ. ಐಫೋನಿನ ವಾಯ್ಸ್‌ಓವರ್‌ನಲ್ಲಿಯೂ ಟಾಕ್‌ಬ್ಯಾಕ್‌ನಲ್ಲಿಯೂ ಅದು ಇದೆ. ದಿನಚರಿಯನ್ನು ಬ್ರೈಲ್‌ನಲ್ಲಿ ಬರೆಯಲು ಹುಡುಗನಿಗೆ ಹೇಳುತ್ತೇನೆ. ಮನೆಯಲ್ಲಿ ಬೇರಾರಿಗೂ ಬ್ರೈಲ್ ಬಾರದಿರುವುದು ಈ ಒಂದು ವಿಷಯದಲ್ಲಿ ಅವನಿಗೆ ಅನುಕೂಲ.

ಏಕಾಂತವನ್ನು ಕೇಳುವಾಗ ಕಾನೂನಿನ ಮಾತನ್ನೂ ಮುಚ್ಚಿಡುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಅಪರಾಧದ ಪಟ್ಟಿಯಿಂದ ಹೊರಗಿಟ್ಟದ್ದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು. ಇವರಿಬ್ಬರೂ 18ರೊಳಗಿನವರು. ಒಬ್ಬರನ್ನೊಬ್ಬರು ಮೆಚ್ಚುವುದು, ಹೇಳಿಕೊಳ್ಳುವುದು, ಜೊತೆಯಲ್ಲಿ ನಡೆಯುವುದು ಯಾವ ಕಾನೂನಿನಲ್ಲಿಯೂ ಅಪರಾಧವಲ್ಲ. ಆದರೆ ಈ ವಯಸ್ಸಿನವರ ದೈಹಿಕ ಸಂಬಂಧಕ್ಕೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಸಮ್ಮತಿಯೆಂಬುದನ್ನು ಮಾನ್ಯಮಾಡುವುದಿಲ್ಲ, ಅಂಥ ಅಪರಾಧ ನಡೆದಿದೆಯೆಂದು ತಿಳಿದವರು ವರದಿ ಮಾಡಲೇಬೇಕೆಂದು ಅದರ 19ನೇ ಕಲಂ ವಿಧಿಸುತ್ತದೆ. ನನ್ನ ಗುಟ್ಟು ಕಾಯುವಿಕೆಗೆ ಇರುವ ಈ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ಹುಡುಗನಿಗೆ ಹೇಳಿದ್ದೆ. ಬೇಡದ ಸ್ಪರ್ಶವನ್ನು ಹೇಗೆ ತಡೆಯಬೇಕು, ಯಾರಿಗೆ ಹೇಳಬೇಕು ಎಂಬುದನ್ನೂ ಮಾತನಾಡಿದೆವು. ವಿಕಲಚೇತನ ಮಕ್ಕಳು ದೌರ್ಜನ್ಯಕ್ಕೆ ಸುಲಭವಾಗಿ ಗುರಿಯಾಗುತ್ತಾರೆ, ಮತ್ತು ಇಷ್ಟವಾದದ್ದನ್ನು ನಾಚಿಕೆಯಿಲ್ಲದೆ ಹೇಳಬಲ್ಲ ಮಗು ಇಷ್ಟವಿಲ್ಲದ್ದನ್ನೂ ಬೇಗ ಬಾಯಿಬಿಟ್ಟು ಹೇಳುತ್ತದೆ.

ಗೆಳೆಯನೂ ಹದಿಹರೆಯದವನೇ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಅವನ ಮನಸ್ಸಿನಲ್ಲಿ ಅದೇ ಭಾವನೆ ಇಲ್ಲದಿರಬಹುದು, ಇದ್ದರೂ ಮನೆಯಲ್ಲಿ ಹೇಳುವ ಧೈರ್ಯವಿಲ್ಲದಿರಬಹುದು. ಮರುಕದಿಂದ ‘ಹೌದು’ ಎನ್ನುವ ಒತ್ತಾಯ ಅವನ ಮೇಲೆ ಬೀಳಬಾರದು. “ಅವನು ಒಲ್ಲೆನೆಂದರೆ?” ಎಂದು ಹುಡುಗನನ್ನು ಕೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, “ಎಲ್ಲರಿಗೂ ಆಗುವಂತೆ ನನಗೂ ದುಃಖವಾಗುತ್ತದೆ ಮೇಡಂ, ಕಣ್ಣಿಲ್ಲದ್ದಕ್ಕೆ ಒಲ್ಲೆನೆಂದರೆ ಮಾತ್ರ ಸಿಟ್ಟು ಬರುತ್ತದೆ” ಎಂದ. ಮಗನಿಗೆ ನಿರಾಸೆಯೇ ಆಗದಂತೆ ಕಾಯಬೇಕೆಂದುಕೊಂಡಿದ್ದ ತಂದೆ ಆ ಉತ್ತರವನ್ನು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡರು.

ಗೆಳೆಯ ಈಗ ಮತ್ತೆ ಮನೆಗೆ ಬರುತ್ತಾನೆ. ಇಬ್ಬರ ನಡುವೆ ಏನು ಮಾತಾಯಿತೆಂದು ಮನೆಯವರು ಕೇಳಿಲ್ಲ, ನಾನೂ ಕೇಳಿಲ್ಲ. ಅಜ್ಜಿಗೂ ಚಿಕ್ಕಪ್ಪನಿಗೂ ತಿಳಿಸಬೇಕೇ ಎಂದು ತಾಯಿ ಕಳೆದ ಭೇಟಿಯಲ್ಲಿ ವಿಚಾರಿಸಿದರು. ಅದನ್ನು ಅವನೇ ನಿರ್ಧರಿಸಲಿ, ಅವನು ಹೇಳಿದ ದಿನ ನೀವು ಅವನ ಪರವಾಗಿ ನಿಂತರೆ ಸಾಕು ಎಂದು ಹೇಳಿದ್ದೇನೆ.