ಈಮ್ಯಾಕ್ಸ್‌ನಲ್ಲಿ ಸಿಕ್ಕಿಕೊಂಡಾಗ ಮೊದಲು ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನಾನು ರಾಜಾಜಿನಗರದಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು 22.04 (ಲಿನಕ್ಸ್‌ನ ಒಂದು ಬಗೆ) ಹಾಕಿಸಿಕೊಂಡು ಅದರಲ್ಲಿ ಈಮ್ಯಾಕ್ಸ್ ಎಂಬ, ಬರಹ ಬರೆದು ತಿದ್ದುವ ಎಡಿಟರನ್ನು ಇನ್‌ಸ್ಟಾಲ್ ಮಾಡಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನೆಂಟರ ಹುಡುಗ ತನ್ನ ಸೆಟ್ಟಿಂಗ್ಸ್ ಫೈಲನ್ನು ಕಳಿಸಿಕೊಟ್ಟ. ಅದನ್ನು ಹಾಕಿದಂದಿನಿಂದ ಈಮ್ಯಾಕ್ಸ್ ತೆರೆದಾಗಲೆಲ್ಲ ‘ಸಿಂಬಲ್ಸ್ ಫಂಕ್ಷನ್ ಡೆಫಿನಿಷನ್ ಈಸ್ ವಾಯ್ಡ್: ಯೂಸ್-ಪ್ಯಾಕೇಜ್’ ಎಂಬ ಸಂದೇಶ ಬರುತ್ತಿದೆ. ಕೈಪಿಡಿ ನೋಡೋಣವೆಂದರೆ ಅದೂ ತೆರೆಯುವುದಿಲ್ಲ. ಹುಡುಗನನ್ನು ಪದೇ ಪದೇ ಕೇಳಲು ಸಂಕೋಚ. ಇದನ್ನು ಸರಿಯಾಗಿ ಇನ್‌ಸ್ಟಾಲ್ ಮಾಡುವುದು ಹೇಗೆ, ಸಿಕ್ಕಿಕೊಂಡಾಗ ಸಹಾಯ ಎಲ್ಲಿ ಸಿಗುತ್ತದೆ, ಕನ್ನಡ ಬರೆಯಲು ಇದು ಆಗುತ್ತದೆಯೇ?

ಉತ್ತರ: ತಾವು ಇನ್‌ಸ್ಟಾಲ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಈಮ್ಯಾಕ್ಸ್’ ಎಂಬ ಒಂದು ಸಾಲು ಕೊಟ್ಟಿರುತ್ತೀರಿ. ಉಬುಂಟುವಿನಲ್ಲಿ ಮಾಡಬೇಕಾದದ್ದು ಅಷ್ಟೇ. ನಡುವೆ ಪೋಸ್ಟ್‌ಫಿಕ್ಸ್ ಎಂಬ ಅಂಚೆ ತಂತ್ರಾಂಶದ ಬಗ್ಗೆ ಪ್ರಶ್ನೆ ಕೇಳುವ ಪರದೆ ಬಂದಿದ್ದರೆ ಗಾಬರಿಯಾಗಬೇಕಿಲ್ಲ. ಈಮ್ಯಾಕ್ಸ್‌ನಿಂದಲೇ ಇಮೇಲ್ ಕಳಿಸುವವರಿಗಾಗಿ ಅದು ಜೊತೆಯಲ್ಲಿ ಬರುತ್ತದೆ, ‘ನೋ ಕಾನ್ಫಿಗರೇಷನ್’ ಆರಿಸಿ ಮುಂದೆ ಹೋದರೆ ಸಾಕು. ತಮ್ಮನ್ನು ಕಾಡುತ್ತಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಡಕುಗಳು. ಒಂದು ಆ ಹುಡುಗನ ಫೈಲಿನದು, ಇನ್ನೊಂದು ಕೈಪಿಡಿಯದು.

ಹುಡುಗನ ಫೈಲನ್ನು ಮೊದಲು ನೋಡೋಣ. ಉಬುಂಟು 22.04 ಕೊಡುವುದು ಈಮ್ಯಾಕ್ಸ್‌ನ 27.1ನೇ ಆವೃತ್ತಿಯನ್ನು. ಆತನ ಫೈಲು ಬಳಸುತ್ತಿರುವ ‘ಯೂಸ್-ಪ್ಯಾಕೇಜ್’ ಎಂಬ, ಹೆಚ್ಚುವರಿ ಪ್ಯಾಕೇಜುಗಳನ್ನು ಹೊಂದಿಸುವ ಸೌಲಭ್ಯ ಈಮ್ಯಾಕ್ಸ್‌ನ ಒಳಗೇ ಸೇರಿದ್ದು 2023ರಲ್ಲಿ ಬಂದ 29.1ರಿಂದ. ಆದ್ದರಿಂದ ಅವನ ಕಂಪ್ಯೂಟರಿನಲ್ಲಿ ನಡೆಯುವ ಸಾಲು ತಮ್ಮದರಲ್ಲಿ ‘ಈ ಹೆಸರಿನ ಕೆಲಸವೇ ನನಗೆ ಗೊತ್ತಿಲ್ಲ’ ಎಂದು ನಿಂತುಬಿಡುತ್ತದೆ. ಆ ಇಂಗ್ಲಿಷ್ ಸಂದೇಶದ ಅರ್ಥ ಇಷ್ಟೇ. ಯೂಸ್-ಪ್ಯಾಕೇಜನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿ ಇದನ್ನು ಸರಿಪಡಿಸಬಹುದು, ಇಲ್ಲವೇ 29.3 ಕೊಡುವ ಉಬುಂಟು 24.04ಕ್ಕೆ ಏರಬಹುದು. ಆದರೆ ನನ್ನ ಸಲಹೆ ಬೇರೆ: ಆ ಫೈಲನ್ನು ಸದ್ಯಕ್ಕೆ ತೆಗೆದಿಡಿ. ಅದು ಇರುವುದು ತಮ್ಮ ಹೋಮ್ ಫೋಲ್ಡರಿನ ‘ಡಾಟ್-ಈಮ್ಯಾಕ್ಸ್-ಡಾಟ್-ಡಿ’ ಎಂಬ ಅಡಗಿದ ಫೋಲ್ಡರಿನಲ್ಲಿ, ‘ಇನಿಟ್-ಡಾಟ್-ಇಎಲ್’ ಎಂಬ ಹೆಸರಿನಲ್ಲಿ; ಹೆಸರನ್ನು ಬದಲಿಸಿದರೆ ಸಾಕು, ಅಳಿಸುವುದು ಬೇಡ. ಬೇರೆಯವರ ಸೆಟ್ಟಿಂಗ್ಸ್ ಎಂದರೆ ಬೇರೆಯವರ ಅಡುಗೆಮನೆಯಿದ್ದಂತೆ. ಯಾವ ಡಬ್ಬಿಯಲ್ಲಿ ಏನಿದೆಯೆಂದು ಇಟ್ಟವರಿಗೆ ಗೊತ್ತು, ಹೊಸಬರಿಗೆ ಉಪ್ಪೂ ಕೈಗೆ ಸಿಗುವುದಿಲ್ಲ. ಅದರಲ್ಲಿ ಕೀಲಿಗಳ ಕೆಲಸವನ್ನೇ ಬದಲಿಸಿದ್ದರೆ, ಕೈಪಿಡಿ ಹೇಳುವುದೊಂದು ಬೆರಳು ಮಾಡುವುದೊಂದು ಎಂಬಂತಾಗುತ್ತದೆ.

ಕೈಪಿಡಿ ತೆರೆಯದಿರುವುದಕ್ಕೆ ಕಾರಣ ಕುತೂಹಲಕರವಾಗಿದೆ. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ; ಟೆಕೋ ಎಂಬ ಹಳೆಯ ಎಡಿಟರಿಗೆ ಬರೆದ ಮ್ಯಾಕ್ರೋಗಳ ಗೊಂಚಲಾಗಿ. ಅದರಲ್ಲಿ ಕೈಯಿದ್ದ ರಿಚರ್ಡ್ ಸ್ಟಾಲ್ಮನ್ ಮುಂದೆ, ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ‘ಸ್ವತಂತ್ರ’ ತಂತ್ರಾಂಶಗಳ ಗ್ನೂ ಯೋಜನೆಯನ್ನು ಆರಂಭಿಸಿ, 1984ರಲ್ಲಿ ಗ್ನೂ ಈಮ್ಯಾಕ್ಸ್ ಬರೆಯತೊಡಗಿದರು. ನಾವು ಇಂದು ಬಳಸುವುದು ಅದನ್ನೇ. ಗ್ನೂ ಕೈಪಿಡಿಗಳ ಪರವಾನಗಿಯಲ್ಲಿ, ಕೆಲವು ಅಧ್ಯಾಯಗಳನ್ನು ಯಾರೂ ಬದಲಿಸುವಂತಿಲ್ಲ ಎಂದು ಗುರುತಿಸಲು ಅವಕಾಶವಿದೆ; ಈಮ್ಯಾಕ್ಸ್ ಕೈಪಿಡಿಯಲ್ಲಿ ಗ್ನೂ ಪ್ರಣಾಳಿಕೆ ಅಂಥ ಒಂದು ಭಾಗ. ಬದಲಿಸಲಾಗದ ಭಾಗವಿರುವ ದಾಖಲೆಯನ್ನು ‘ಸ್ವತಂತ್ರ’ ಎನ್ನಲಾಗದು ಎಂದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟುವ ಸಮುದಾಯ 2006ರಲ್ಲಿ ಮತ ಹಾಕಿ ತೀರ್ಮಾನಿಸಿತು. ಹೀಗಾಗಿ ಡೆಬಿಯನ್‌ನಲ್ಲಿಯೂ, ಅದನ್ನು ಆಧರಿಸಿದ ಉಬುಂಟುವಿನಲ್ಲಿಯೂ ಎಡಿಟರ್ ಮಾತ್ರ ಬರುತ್ತದೆ, ಅದರ ಕೈಪಿಡಿ ಬೇರೊಂದು ಪ್ಯಾಕೇಜಿನಲ್ಲಿ ಕುಳಿತಿರುತ್ತದೆ. ಸ್ವತಂತ್ರ ತಂತ್ರಾಂಶ ಚಳವಳಿಯ ಪ್ರಣಾಳಿಕೆಯೇ ‘ಸ್ವತಂತ್ರವಲ್ಲ’ ಎಂಬ ಕಪಾಟಿಗೆ ಸೇರಿದ್ದನ್ನು ನೋಡಿ ನಗುವವರೂ ಇದ್ದಾರೆ, ಮುನಿಯುವವರೂ ಇದ್ದಾರೆ. ತಮಗೆ ಬೇಕಾದದ್ದು ಆ ಪ್ಯಾಕೇಜಿನ ಹೆಸರು: ‘ಈಮ್ಯಾಕ್ಸ್-ಕಾಮನ್-ನಾನ್-ಡಿಎಫ್‌ಎಸ್‌ಜಿ’. ಉಬುಂಟುವಿನಲ್ಲಿ ಇದು ‘ಮಲ್ಟಿವರ್ಸ್’ ಎಂಬ ವಿಭಾಗದಲ್ಲಿದೆ. ಆ ವಿಭಾಗ ಚಾಲೂ ಇದ್ದರೆ ಮೊದಲಿನಂತೆಯೇ ಆಪ್ಟ್ ಸಾಲಿನಲ್ಲಿ ಈ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ. ಇಷ್ಟು ಮಾಡದೆ ಈಮ್ಯಾಕ್ಸ್ ಕಲಿಯಲು ಕೂರುವುದು ಪಠ್ಯಪುಸ್ತಕವಿಲ್ಲದೆ ಪರೀಕ್ಷೆಗೆ ಹೋದಂತೆ. ಎಷ್ಟೋ ಜನ ಈ ಒಂದು ಕಾರಣಕ್ಕೇ ‘ಇದರಲ್ಲಿ ಸಹಾಯವೇ ಇಲ್ಲ’ ಎಂದು ಕೈಬಿಟ್ಟಿದ್ದಾರೆ ಎಂಬುದು ನನ್ನ ಗುಮಾನಿ.

ಬೇರೆ ಕಂಪ್ಯೂಟರ್ ಬಳಸುವ ಓದುಗರಿಗಾಗಿ ಎರಡು ಮಾತು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್ ಬದಲು ‘ಡಿಎನ್‌ಎಫ್’. ವಿಂಡೋಸ್‌ನವರು ಗ್ನೂ ಯೋಜನೆಯ ತಾಣದ ವಿಂಡೋಸ್ ಫೋಲ್ಡರಿನಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಬಹುದು. ತೆರೆಯುವಾಗ ‘ಈಮ್ಯಾಕ್ಸ್’ ಬದಲು ‘ರನ್‌ಈಮ್ಯಾಕ್ಸ್’ ಎಂಬುದನ್ನು ಒತ್ತಿದರೆ ಹಿಂದೊಂದು ಕಪ್ಪು ಕಿಟಕಿ ನಿಲ್ಲುವುದಿಲ್ಲ. ಮ್ಯಾಕ್‌ನವರಿಗೆ ತಂತ್ರಾಂಶ ಹಾಕಿಕೊಳ್ಳಲು ಹೋಮ್‌ಬ್ರೂ ಇದೆ. ಅಲ್ಲಿ ಆಲ್ಟ್ ಕೀಲಿಯ ಕೆಲಸವನ್ನು ಸಾಮಾನ್ಯವಾಗಿ ಆಪ್ಷನ್ ಕೀಲಿ ಮಾಡುತ್ತದೆ.

ಇನ್ನು ತಮ್ಮ ಮುಖ್ಯ ಪ್ರಶ್ನೆ. ಸಿಕ್ಕಿಕೊಂಡಾಗ ಮೊದಲು ಕೇಳಬೇಕಾದದ್ದು ಹುಡುಗನನ್ನಲ್ಲ, ಈಮ್ಯಾಕ್ಸನ್ನೇ. ಇದು ಬರಿಯ ಮಾತಿನ ಚಮತ್ಕಾರವಲ್ಲ. ಈ ಎಡಿಟರಿನ ಪ್ರತಿಯೊಂದು ಕೀಲಿಯ ಹಿಂದೆ ಹೆಸರಿರುವ ಒಂದು ಆದೇಶವಿದೆ, ಪ್ರತಿ ಆದೇಶಕ್ಕೂ ಅದರ ಪಕ್ಕದಲ್ಲೇ ಬರೆದ ವಿವರಣೆಯಿದೆ, ಮತ್ತು ಓಡುತ್ತಿರುವಾಗಲೇ ಆ ವಿವರಣೆಯನ್ನು ಹೊರಗೆ ತೆಗೆದು ತೋರಿಸಬಲ್ಲ ವ್ಯವಸ್ಥೆಯಿದೆ. ತಾವೇ ಏನಾದರೂ ಬದಲಿಸಿದ್ದರೆ ಬದಲಾದ ಸ್ಥಿತಿಯನ್ನೇ ಅದು ಹೇಳುತ್ತದೆ, ಅಚ್ಚಾದ ಯಾವ ಪುಸ್ತಕವೂ ಹಾಗೆ ಹೇಳಲಾರದು.

ಇದರ ಬಾಗಿಲು ಕಂಟ್ರೋಲ್-ಎಚ್. ಕಂಟ್ರೋಲ್ ಒತ್ತಿ ಹಿಡಿದು ಎಚ್ ಒತ್ತಿ, ಎರಡನ್ನೂ ಬಿಟ್ಟು, ಆಮೇಲೆ ಮತ್ತೊಂದು ಅಕ್ಷರ. ಟಿ ಒತ್ತಿದರೆ ಆರಂಭಿಕರ ಪಾಠ ತೆರೆಯುತ್ತದೆ. ಇದು ಹಲವು ಭಾಷೆಗಳಲ್ಲಿದ್ದರೂ ಕನ್ನಡಕ್ಕೆ ಇನ್ನೂ ಬಂದಿಲ್ಲ, ಇಂಗ್ಲಿಷಿನಲ್ಲೇ ಓದಬೇಕು. ಆರ್ ಒತ್ತಿದರೆ, ಈಗ ಹಾಕಿಕೊಂಡ ಕೈಪಿಡಿ. ಕೈಪಿಡಿಯ ಒಳಗೆ ಐ ಒತ್ತಿ ವಿಷಯದ ಹೆಸರು ಬರೆದರೆ ಸೂಚಿಯಿಂದ ನೇರವಾಗಿ ಆ ಪುಟಕ್ಕೆ ಹೋಗಬಹುದು. ಮೊದಲಿಂದ ಕೊನೆಯವರೆಗೆ ಓದುವ ಹರಕೆ ಹೊರಬೇಕಿಲ್ಲ.

ದಿನವೂ ಕೆಲಸಕ್ಕೆ ಬರುವುದು ಕೆ. ಕಂಟ್ರೋಲ್-ಎಚ್ ಕೆ ಒತ್ತಿದರೆ ಪರದೆಯ ತಳದಲ್ಲಿ ಈಮ್ಯಾಕ್ಸ್ ಒಂದು ಕೀಲಿಗಾಗಿ ಕಾಯುತ್ತದೆ. ಆಗ ಸೇವ್ ಮಾಡುವ ಕೀಲಿಗಳಾದ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಸ್ ಒತ್ತಿ ನೋಡಿ. ಫೈಲು ಸೇವ್ ಆಗುವುದಿಲ್ಲ. ಅದರ ಬದಲು ಪರದೆ ಎರಡು ಭಾಗವಾಗಿ, ಇನ್ನೊಂದು ಭಾಗದಲ್ಲಿ ‘ಈ ಕೀಲಿ ಸೇವ್-ಬಫರ್ ಎಂಬ ಆದೇಶವನ್ನು ನಡೆಸುತ್ತದೆ, ಅದು ಫೈಲ್ಸ್-ಡಾಟ್-ಇಎಲ್ ಎಂಬಲ್ಲಿದೆ’ ಎಂಬ ಅರ್ಥದ ಸಾಲೂ, ಅದರ ಕೆಳಗೆ ವಿವರಣೆಯೂ ಕಾಣುತ್ತವೆ. ಆ ಫೈಲಿನ ಹೆಸರಿನ ಮೇಲೆ ಕರ್ಸರ್ ಒಯ್ದು ಎಂಟರ್ ಒತ್ತಿದರೆ ಆದೇಶದ ಮೂಲ ಸಂಕೇತವೇ ತೆರೆದುಕೊಳ್ಳುತ್ತದೆ. ಬರಿಯ ವಿವರಣೆ ಓದಿ ಮುಗಿದ ಮೇಲೆ ಹೊಸಬರು ತಡವರಿಸುವುದು ಇಲ್ಲಿಯೇ: ಕರ್ಸರ್ ಇನ್ನೂ ಹಳೆಯ ಭಾಗದಲ್ಲಿ ಇರುತ್ತದೆ, ಸಹಾಯದ ಭಾಗ ಮುಚ್ಚುವುದು ಹೇಗೆಂದು ತಿಳಿಯುವುದಿಲ್ಲ. ಕಂಟ್ರೋಲ್-ಎಕ್ಸ್ ಒತ್ತಿ ಬಿಟ್ಟು ‘1’ ಎಂಬ ಅಂಕಿಯನ್ನು ಒತ್ತಿದರೆ ತಮ್ಮ ಬರಹ ಮತ್ತೆ ಇಡೀ ಪರದೆಗೆ ಬರುತ್ತದೆ.

ಆದೇಶದ ಹೆಸರೇ ಗೊತ್ತಿಲ್ಲದಿದ್ದರೆ? ಅನುವಾದಕರಿಗೆ ಪದಗಳ ಲೆಕ್ಕ ಬೇಕಾಗುತ್ತದೆ, ಹಣ ಬರುವುದೇ ಅದರ ಮೇಲೆ. ಕಂಟ್ರೋಲ್-ಎಚ್ ಎ ಒತ್ತಿ, ‘ಕೌಂಟ್ ವರ್ಡ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಡಿ. ಆ ಪದಗಳಿರುವ ಆದೇಶಗಳ ಪಟ್ಟಿ ಬರುತ್ತದೆ, ಕೀಲಿ ಇದ್ದರೆ ಅದೂ ಜೊತೆಯಲ್ಲಿ ಕಾಣುತ್ತದೆ. ಕೀಲಿ ಇಲ್ಲದ ಆದೇಶವನ್ನು ಆಲ್ಟ್-ಎಕ್ಸ್ ಒತ್ತಿ, ಹೆಸರು ಬರೆದು ನಡೆಸಬಹುದು. ಆದೇಶದ ಹೆಸರು ಗೊತ್ತಿದ್ದು ಅದು ಏನು ಮಾಡುತ್ತದೆಂದು ತಿಳಿಯಬೇಕಾದರೆ ಕಂಟ್ರೋಲ್-ಎಚ್ ಆದ ಮೇಲೆ ಎಫ್, ಸೆಟ್ಟಿಂಗ್ ಒಂದರ ಈಗಿನ ಮೌಲ್ಯ ತಿಳಿಯಬೇಕಾದರೆ ವಿ, ಈಗ ತೆರೆದಿರುವ ಬಗೆಯ ಫೈಲಿನಲ್ಲಿ ಯಾವ ಯಾವ ಕೀಲಿ ಇವೆಯೆಂದು ನೋಡಲು ಎಂ. ಉಳಿದವನ್ನು ನೆನಪಿಡಬೇಕಾಗಿಲ್ಲ, ಕಂಟ್ರೋಲ್-ಎಚ್ ಅನ್ನೇ ಎರಡು ಬಾರಿ ಒತ್ತಿದರೆ ಇಡೀ ಪಟ್ಟಿ ಬರುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಕಂಟ್ರೋಲ್-ಎಚ್ ಒತ್ತಿದರೆ ಹಿಂದಿನ ಅಕ್ಷರ ಅಳಿಸಿಹೋಗುವುದುಂಟು. ಅಲ್ಲಿ ಅದೇ ಬಾಗಿಲಿಗೆ ಎಫ್-ಒಂದು ಕೀಲಿ.

ಇಷ್ಟೆಲ್ಲಕ್ಕೂ ಮೊದಲು ಬೆರಳಿಗೆ ಕಲಿಸಬೇಕಾದದ್ದು ಕಂಟ್ರೋಲ್-ಜಿ. ಅರ್ಧ ಒತ್ತಿದ ಕೀಲಿ, ತಳದಲ್ಲಿ ಕಾಯುತ್ತಿರುವ ಪ್ರಶ್ನೆ, ಎಲ್ಲವನ್ನೂ ಅದು ರದ್ದುಮಾಡುತ್ತದೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಸಂಜೆ, ಬೇರೆ ಎಡಿಟರುಗಳ ಅಭ್ಯಾಸದಲ್ಲಿ ಒಂದು ಪ್ಯಾರಾವನ್ನು ಕತ್ತರಿಸಲೆಂದು ಕಂಟ್ರೋಲ್-ಎಕ್ಸ್ ಒತ್ತಿದೆ. ಏನೂ ಆಗದಿದ್ದುದರಿಂದ, ನಕಲಾದರೂ ಮಾಡೋಣವೆಂದು ಕಂಟ್ರೋಲ್-ಸಿ ಒತ್ತಿದೆ. ಈಮ್ಯಾಕ್ಸ್‌ನಲ್ಲಿ ಈ ಎರಡು ಸೇರಿದರೆ ‘ಮುಚ್ಚು’ ಎಂದರ್ಥ. ಸೇವ್ ಮಾಡಲೇ ಎಂದು ಅದು ಕೇಳಿತು. ಬೇರೇನನ್ನೋ ಕೇಳುತ್ತಿದೆಯೆಂದುಕೊಂಡು ಬೇಡ ಎಂದೆ, ಬದಲಾವಣೆ ಹೋದರೂ ಮುಚ್ಚಲೇ ಎಂದು ಮತ್ತೆ ಕೇಳಿದ್ದಕ್ಕೆ ಹೌದು ಎಂದೆ. ಎರಡು ಪುಟ ಹೋಯಿತು. ತಪ್ಪು ಪೂರ್ತಿ ನನ್ನದೇ. ಆ ಪ್ರಶ್ನೆಯ ಮುಂದೆ ಕಂಟ್ರೋಲ್-ಜಿ ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ತಮ್ಮಲ್ಲಿರುವ 27.1 ಒಳ್ಳೆಯ ಗಡಿರೇಖೆಯಲ್ಲೇ ಇದೆ. 2020ರಲ್ಲಿ ಬಂದ ಈ ಆವೃತ್ತಿಯಿಂದಲೇ ಈಮ್ಯಾಕ್ಸ್ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸತೊಡಗಿತು. ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಕೂರುವುದು ಅದರ ದೆಸೆಯಿಂದ. ಆದರೆ ಇದು ಕಿಟಕಿಯಲ್ಲಿ ತೆರೆದ ಈಮ್ಯಾಕ್ಸ್‌ಗೆ ಸಲ್ಲುವ ಮಾತು. ಟರ್ಮಿನಲ್‌ನ ಒಳಗೆ ತೆರೆದರೆ ಅಕ್ಷರ ಬಿಡಿಸುವುದು ಟರ್ಮಿನಲ್, ಮತ್ತು ಬಹಳಷ್ಟು ಟರ್ಮಿನಲ್‌ಗಳು ಕನ್ನಡದ ಮುಂದೆ ಸೋಲುತ್ತವೆ. ಪರೀಕ್ಷಿಸಲು ಕಂಟ್ರೋಲ್-ಎಚ್ ಆದ ಮೇಲೆ ಸಣ್ಣಕ್ಷರದ ಎಚ್ ಒತ್ತಿ: ಹಲವಾರು ಭಾಷೆಗಳ ವಂದನೆಗಳಿರುವ ಒಂದು ಫೈಲು ತೆರೆಯುತ್ತದೆ, ಅದರಲ್ಲಿ ‘ನಮಸ್ಕಾರ’ವೂ ಇದೆ. ಸಕಾರದ ಕೆಳಗೆ ಕಕಾರದ ಒತ್ತು ನೆಟ್ಟಗೆ ಕೂತಿದ್ದರೆ ಎಲ್ಲವೂ ಸರಿ. ಅಕ್ಷರದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲವೆಂದರ್ಥ; ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಉಬುಂಟುವಿನಲ್ಲೇ ಪ್ಯಾಕೇಜುಗಳಾಗಿ ಸಿಗುತ್ತವೆ.

ಟೈಪ್ ಮಾಡಲು ಬೇರೆ ತಂತ್ರಾಂಶ ಬೇಕಿಲ್ಲ. ಕಂಟ್ರೋಲ್ ಜೊತೆಗೆ ಹಿಂದಕ್ಕೆ ವಾಲಿದ ಓರೆಗೆರೆಯ ಕೀಲಿಯನ್ನು ಒತ್ತಿದರೆ ಯಾವ ಇನ್‌ಪುಟ್ ವಿಧಾನ ಬೇಕೆಂದು ಮೊದಲ ಬಾರಿ ಕೇಳುತ್ತದೆ. ‘ಕನ್ನಡ-ಐಟ್ರಾನ್ಸ್’ ಅಥವಾ ‘ಕನ್ನಡ-ಇನ್‌ಸ್ಕ್ರಿಪ್ಟ್’ ಎಂದು ಕೊಡಿ. ಮತ್ತೆ ಅದೇ ಕೀಲಿ ಒತ್ತಿದರೆ ಇಂಗ್ಲಿಷ್. ಐಟ್ರಾನ್ಸ್‌ನಲ್ಲಿ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರಗಳನ್ನು ಒತ್ತುತ್ತ ಹೋಗಬೇಕು, ‘ಡ’ ಬರಬೇಕಾದರೆ ಡಿ ದೊಡ್ಡಕ್ಷರವಾಗಿರಬೇಕು. ಯಾವ ಅಕ್ಷರಕ್ಕೆ ಯಾವ ಕೀಲಿ ಎಂಬ ಪೂರ್ತಿ ಪಟ್ಟಿ ಕಂಟ್ರೋಲ್-ಎಚ್ ಮತ್ತು ದೊಡ್ಡಕ್ಷರದ ಐ ಒತ್ತಿದರೆ ಸಿಗುತ್ತದೆ. ನುಡಿಯ, ಅಂದರೆ ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಕುದುರಿರುವವರು ಉಬುಂಟುವಿನ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕವೇ ಬರೆಯುವುದು ಲೇಸು. ಭಾಷೆ ಬದಲಿಸಲು ಕಂಟ್ರೋಲ್-ಸ್ಪೇಸ್ ಇಟ್ಟುಕೊಂಡಿದ್ದರೆ ಮಾತ್ರ ಅದನ್ನು ಬೇರೆ ಕೀಲಿಗೆ ವರ್ಗಾಯಿಸಿ. ಪಠ್ಯವನ್ನು ಆಯ್ದುಕೊಳ್ಳಲು ಈಮ್ಯಾಕ್ಸ್‌ಗೆ ಬೇಕಾದ ಕೀಲಿ ಅದೇ. ಸಿಸ್ಟಮ್ ನಡುವೆ ಕಸಿದುಕೊಂಡರೆ ಅದು ಈಮ್ಯಾಕ್ಸ್‌ವರೆಗೆ ತಲುಪುವುದೇ ಇಲ್ಲ.

ಇಷ್ಟಾದ ಮೇಲೂ ಬಗೆಹರಿಯದ್ದು ಇದ್ದೇ ಇರುತ್ತದೆ, ಆಗ ಹುಡುಗನನ್ನು ಧಾರಾಳವಾಗಿ ಕೇಳಿ. ಕೇಳುವ ಮುನ್ನ ಟರ್ಮಿನಲ್‌ನಲ್ಲಿ ಈಮ್ಯಾಕ್ಸ್ ಎಂದು ಬರೆದು, ಒಂದು ಅಡ್ಡಗೆರೆ ಮತ್ತು ದೊಡ್ಡಕ್ಷರದ ಕ್ಯೂ ಸೇರಿಸಿ ತೆರೆಯಿರಿ. ಯಾವ ಸೆಟ್ಟಿಂಗ್ಸ್ ಫೈಲನ್ನೂ ಓದದೆ ಅದು ಬರಿಮೈಯಲ್ಲಿ ಏಳುತ್ತದೆ. ತೊಂದರೆ ಅಲ್ಲಿಯೂ ಕಂಡರೆ ಅದು ಈಮ್ಯಾಕ್ಸ್‌ನದು ಅಥವಾ ಸಿಸ್ಟಮ್‌ನದು, ಕಾಣದಿದ್ದರೆ ತಮ್ಮ ಫೈಲಿನದು. ಅದರ ಜೊತೆಗೆ ಆಲ್ಟ್-ಎಕ್ಸ್ ‘ಈಮ್ಯಾಕ್ಸ್-ವರ್ಷನ್’ ಕೊಟ್ಟಾಗ ಬರುವ ಸಾಲು, ತೆರೆಯುವಾಗಲೇ ಬರುವ ದೋಷವಾದರೆ ‘ಡೀಬಗ್-ಇನಿಟ್’ ಎಂಬ ಆಯ್ಕೆಯೊಂದಿಗೆ ತೆರೆದಾಗ ಕಾಣುವ ಬರಹ, ಮತ್ತು ತಪ್ಪಾಗುವ ಮುನ್ನ ಒತ್ತಿದ ಕೀಲಿಗಳು ಇರಲಿ. ಏನು ಒತ್ತಿದೆನೆಂದು ಮರೆತಿದ್ದರೆ ಕಂಟ್ರೋಲ್-ಎಚ್ ಎಲ್ ಒತ್ತಿ, ಕೊನೆಯ ಕೀಲಿಗಳ ಸಾಲನ್ನು ಈಮ್ಯಾಕ್ಸೇ ತೋರಿಸುತ್ತದೆ.